ಹೆಸರುಗಳ ಮೇಲೆ ಗಾರೆ
ಈ ವಾರ ಒಂದು ಮಧ್ಯಾಹ್ನ, 1967ರ ‘ಬೆಳ್ಳಿಮೋಡ’ ಚಿತ್ರವನ್ನು ಮತ್ತೊಮ್ಮೆ ನೋಡುವ ಆಸೆಯಿಂದ ಟೆಲಿವಿಷನ್ನಿನ ಮುಂದೆ ಕುಳಿತ ನನಗೆ, ವಾಹಿನಿಯೊಂದು ಆರಂಭದ ನಾಮಾವಳಿಯನ್ನೇ ಕತ್ತರಿಸಿ ನೆಟ್ಟಗೆ ಕಥೆಗೆ ಧುಮುಕಿದುದು ಸೋಜಿಗವನ್ನುಂಟುಮಾಡಿತು. ಚದರಕ್ಕೆ ಸಮೀಪವಾದ ಅಂದಿನ ಚೌಕಟ್ಟನ್ನು ಇಂದಿನ ಅಗಲ ಪರದೆಗೆ ಹಿಗ್ಗಿಸಿ ನಾಯಕಿ ಕಲ್ಪನಾ ಅವರ ಮುಖವನ್ನು ಅಡ್ಡಡ್ಡಲಾಗಿ ಊದಿಸಿದುದನ್ನೂ, ವಿಷಾದದ ಸನ್ನಿವೇಶದ ಕೆಳಗೆ ಚಿನ್ನದ ಸಾಲದ ಜಾಹೀರಾತನ್ನು ಹರಿಯಬಿಟ್ಟುದನ್ನೂ ಹೇಗೋ ಕ್ಷಮಿಸಬಹುದು; ವಾಹಿನಿಯವರೇನು ಧರ್ಮಛತ್ರವನ್ನು ನಡೆಸುತ್ತಿಲ್ಲವಷ್ಟೆ. ಆದರೆ ಮೂಲ ಕಾದಂಬರಿಯನ್ನು ಬರೆದ ತ್ರಿವೇಣಿ, ತಮ್ಮ ಕವಿತೆಯಿಂದ ಚಿತ್ರದ ಮುಂಜಾವಿಗೆ ಕಾಂತಿಯಿತ್ತ ಬೇಂದ್ರೆ, ಅದಕ್ಕೆ ರಾಗವನ್ನು ಹೊಂದಿಸಿದ ವಿಜಯಭಾಸ್ಕರ್, ಇವರೆಲ್ಲರನ್ನೂ ಒಂದು ಸೂತ್ರದಲ್ಲಿ ಪೋಣಿಸಿದ ನಿರ್ದೇಶಕ ಪುಟ್ಟಣ್ಣ ಕಣಗಾಲ್ ಮೊದಲಾದವರ ನಾಮಧೇಯಗಳಿಗೆ ಮೀಸಲಾದ ಕೆಲವು ನಿಮಿಷಗಳನ್ನು ಮಾರಿಕೊಳ್ಳುವುದೆಂದರೆ, ಹೊಯ್ಸಳರ ದೇಗುಲಗಳಲ್ಲಿ ರೂವಾರಿ ಮಲ್ಲಿತಮ್ಮನು ತನ್ನ ವಿಗ್ರಹಗಳಡಿಯಲ್ಲಿ ಕೆತ್ತಿದ ಹೆಸರಿನ ಮೇಲೆ ಗಾರೆ ಮೆತ್ತಿ, ಅಲ್ಲಿ ಅಂಗಡಿಯ ಫಲಕವನ್ನು ತೂಗುಹಾಕಿದಂತೆ. ಅರಸೊತ್ತಿಗೆಯ ಕಾಲದಲ್ಲಿಯೂ ಶಿಲ್ಪಿಗೆ ದೊರೆತಿದ್ದ ಆ ಅಂಗುಲದಷ್ಟು ಸ್ಥಳ ಚಲನಚಿತ್ರಕಾರನಿಗೆ ಇಂದಿನ ವೇಳಾಪಟ್ಟಿಯಲ್ಲಿ ದೊರೆಯದು. ವಾಹಿನಿಯ ಲಾಂಛನ ಮಾತ್ರ ಪರದೆಯ ಮೂಲೆಯಲ್ಲಿ, ಚಿತ್ರ ಮುಗಿಯುವವರೆಗೂ, ಒಂದು ಕ್ಷಣವೂ ಕದಲದೆ ವಿರಾಜಮಾನವಾಗಿದ್ದಿತು.