ಬಾಯಿಪಾಠ ಬಂದರೆ ಲೆಕ್ಕ ಬಂದಂತೆಯೇ? ಎಳೆಯ ಮಕ್ಕಳ ಗಣಿತಕ್ಕೆ ಮನೆಮಾತಿನ ಆಸರೆ

ಒಂದರಿಂದ ನೂರರವರೆಗೆ ತಡವರಿಸದೆ ಹೇಳುವ ಎಷ್ಟೋ ಮಕ್ಕಳು, '32ರಲ್ಲಿ ಎಷ್ಟು ಹತ್ತುಗಳಿವೆ?' ಎಂದು ಕೇಳಿದರೆ ಸುಮ್ಮನಾಗುತ್ತಾರೆ. ಗ್ರಾಮೀಣ ಭಾರತದ ಕಲಿಕೆಯನ್ನು ಅಳೆಯುವ 'ಅಸರ್ 2024' ವರದಿಯ ಪ್ರಕಾರ, ಮೂರನೇ ತರಗತಿಯಲ್ಲಿ ಕಳೆಯುವ ಲೆಕ್ಕ ಮಾಡಬಲ್ಲವರು ಶೇ. 33.7ರಷ್ಟು ಮಾತ್ರ. 2022ರಲ್ಲಿ ಇದು ಶೇ. 25.9 ಇತ್ತು. ಸುಧಾರಣೆ ಆಗಿದೆ ನಿಜ. ಆದರೆ 2021ರಲ್ಲಿ ಶುರುವಾದ 'ನಿಪುಣ್ ಭಾರತ್' ಯೋಜನೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ ಓದು, ಬರಹ, ಲೆಕ್ಕ ಬರಬೇಕೆಂದು ಇಟ್ಟುಕೊಂಡ ಗಡುವು 2026-27.

ಮಕ್ಕಳು ಎಡವುವ ಒಂದು ಜಾಗ ಸಂಖ್ಯೆಯ ಹೆಸರು. ಮರಾಠಿಯಲ್ಲಿ 21 'ಏಕವೀಸ್'. ಹೇಳುವಾಗ ಒಂದು ಮೊದಲು, ಬರೆಯುವಾಗ ಎರಡು ಮೊದಲು. 59 'ಏಕೋಣಸಾಠ್', ಅಂದರೆ ಅರವತ್ತಕ್ಕೆ ಒಂದು ಕಡಿಮೆ. ಈ ತೊಡಕು ಬಿಡಿಸಲು ಮಹಾರಾಷ್ಟ್ರದ 'ಬಾಲಭಾರತಿ' 2019ರಲ್ಲಿ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ 'ವೀಸ್ ಏಕ್' ಎಂಬ ಕ್ರಮ ತಂದಿತು. ಭಾಷೆ ಕೆಡುತ್ತದೆ ಎಂಬ ಟೀಕೆ ಜೋರಾಯಿತು. ಗಣಿತಜ್ಞೆ ಮಂಗಳಾ ನಾರಳೀಕರ್ ಹೊಸ ಕ್ರಮವನ್ನು ಸಮರ್ಥಿಸಿಕೊಂಡರು.

ಕನ್ನಡದ ಮಕ್ಕಳಿಗೆ ಈ ಅನುಕೂಲ ಮೊದಲಿನಿಂದಲೇ ಇದೆ. 'ಇಪ್ಪತ್ತೊಂದು' ಎಂದರೆ ಇಪ್ಪತ್ತು, ಒಂದು, ಹೇಳಿದಂತೆಯೇ ಬರೆಯುವುದು. 'ಹದಿಮೂರು' ಎಂಬಲ್ಲಿಯೂ ಹತ್ತು ಮೊದಲು, ಮೂರು ಆಮೇಲೆ. ಇಂಗ್ಲಿಷಿನ 'ಥರ್ಟೀನ್'ನಲ್ಲಿ ಕ್ರಮ ತಿರುವುಮುರುವು, ಜತೆಗೆ 'ಥರ್ಟಿ'ಯೊಂದಿಗೆ ಗೊಂದಲ ಬೇರೆ. ಮುಂಬೈ, ಪುಣೆಯ ಕನ್ನಡ ಮನೆಗಳ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ಮರಾಠಿ ಅಥವಾ ಹಿಂದಿ ಸಂಖ್ಯೆ ಕೇಳುತ್ತಾ ಬೆಳೆಯುತ್ತಾರೆ. ಅಲ್ಲಿ ಮೂರನೆಯದು ಹೊರೆ ಎಂದು ಕನ್ನಡದ ಎಣಿಕೆಯನ್ನು ಕೈಬಿಟ್ಟರೆ, ಸ್ಥಾನಬೆಲೆಯನ್ನು ಬಿಡಿಸಿ ತೋರಿಸುವ ಸಲಕರಣೆಯನ್ನೇ ಕೈಬಿಟ್ಟಂತೆ.

ಹಾಗೆಂದು ಪದ ಸರಳವಾದ ಮಾತ್ರಕ್ಕೆ ಲೆಕ್ಕ ತಾನಾಗಿ ಬರುವುದಿಲ್ಲ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮೊದಲಾದವರ ಅಧ್ಯಯನವೊಂದು 2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಮಾಡುತ್ತಿದ್ದರು, ಪುಸ್ತಕದ ಮಾದರಿಯ ಲೆಕ್ಕದಲ್ಲಿ ಸೋತರು. ಶಾಲೆಯ ಮಕ್ಕಳ ಸ್ಥಿತಿ ಇದಕ್ಕೆ ತದ್ವಿರುದ್ಧ. ಬೀದಿಯ ಲೆಕ್ಕಕ್ಕೂ ಪಾಟಿಯ ಲೆಕ್ಕಕ್ಕೂ ನಡುವೆ ಸೇತುವೆ ಇಲ್ಲದಿರುವುದೇ ಇಲ್ಲಿನ ಕೊರತೆ.

ಆ ಸೇತುವೆಗೆ ದುಬಾರಿ ಆ್ಯಪ್ ಬೇಕಿಲ್ಲ. ಹತ್ತು ರೂಪಾಯಿಯ ಮೂರು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಮಗುವಿನ ಮುಂದಿಟ್ಟು 'ಮೂವತ್ತೆರಡು' ಎಂದು ಹೇಳಿಸಿ, 32 ಎಂದು ಬರೆಸಬಹುದು. ಅದರಲ್ಲಿ ಐದು ರೂಪಾಯಿ ಕೊಡು ಎಂದರೆ ಒಂದು ನೋಟಿಗೆ ಚಿಲ್ಲರೆ ಮಾಡಿಸಲೇಬೇಕು. ಶಾಲೆಯಲ್ಲಿ ಹೇಳಿಕೊಡುವ 'ದಶಕ ತೆಗೆದುಕೊಳ್ಳುವುದು' ಅದೇ. ಇದನ್ನು ಕೈಯಾರೆ ಮಾಡಿದ ಮಗುವಿಗೆ ಮೂರನೇ ತರಗತಿಯ ಕಳೆಯುವ ಲೆಕ್ಕ ಹೊಸದೆನಿಸುವುದಿಲ್ಲ.