ಬೆಟ್ಟದಾಚೆಗೇ ನಿಂತ ಸಿಗ್ನಲ್

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಯಾವ ಊರಿಗೆ ಹೋದರೂ ಹಳೆಯ ಮನೆಗಳ ಮಾಳಿಗೆ ಮೇಲೆ ಅಲ್ಲೊಂದು ಇಲ್ಲೊಂದು ಕಬ್ಬಿಣದ ಪೈಪು ಇನ್ನೂ ನಿಂತಿರುವುದು ಕಾಣುತ್ತದೆ. ಒಂದು ಕಾಲಕ್ಕೆ ಅದರ ತುದಿಯಲ್ಲಿ ಮೀನಿನ ಮುಳ್ಳಿನಂಥ ಟಿವಿ ಆಂಟೆನಾ ಇತ್ತು. ಈಗ ಅದಕ್ಕೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದಾರೆ. ಪಕ್ಕದಲ್ಲೇ ಡಿಶ್ ಕೂತಿದೆ, ಇಲ್ಲವೇ ಕೇಬಲ್ ತಂತಿ ಇಳಿದಿದೆ. ಮನೆಯೊಳಗೆ ಟಿವಿ ಓಡುತ್ತಲೇ ಇದೆ. ಹಾಗಾಗಿ ಗೋಪುರದಿಂದ ನೇರವಾಗಿ ಮನೆಗೆ ಬರುತ್ತಿದ್ದ ಸಿಗ್ನಲ್ ನಿಂತುಹೋದದ್ದು ಹೆಚ್ಚಿನವರಿಗೆ ಸುದ್ದಿ ಎನಿಸಲಿಲ್ಲ.

ಆದರೆ ಈಗ ಅದನ್ನು ಮತ್ತೆ ನೆನೆಯುವ ಕಾಲ ಬಂದಿದೆ. ಇಂಟರ್ನೆಟ್ ಇಲ್ಲದೆ ಮೊಬೈಲ್ ಫೋನಿಗೇ ಟಿವಿ ಕಳಿಸುವ 'ಡೈರೆಕ್ಟ್ ಟು ಮೊಬೈಲ್' ತಂತ್ರಜ್ಞಾನದ ಪ್ರಯೋಗ ನಡೆಯುತ್ತಿದೆ. ಅದಕ್ಕೂ ಬೇಕಾಗಿರುವುದು ಗೋಪುರವೇ. ಕಳೆದ ಸಲ ಗೋಪುರಗಳನ್ನು ಡಿಜಿಟಲ್ ಮಾಡುವಾಗ ನಮ್ಮ ತಾಲ್ಲೂಕುಗಳಿಗೆ ಏನಾಯಿತು ಎಂದು ತಿಳಿದುಕೊಂಡರೆ, ಈ ಸಲ ಏನು ಕೇಳಬೇಕು ಎಂಬುದು ಗೊತ್ತಾಗುತ್ತದೆ.

ಹಳ್ಳಿಗೆ ಟಿವಿ ತರುವ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವಲ್ಲ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ 'ಸೈಟ್' ಉಪಗ್ರಹ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಬಂತು. ಅದರಲ್ಲಿ ನಮ್ಮ ರಾಜ್ಯದ ಉತ್ತರದ ಜಿಲ್ಲೆಗಳ ಹಳ್ಳಿಗಳೂ ಇದ್ದವು. 1977ರಲ್ಲಿ ಕಲಬುರಗಿಯಲ್ಲಿ, 1981ರಲ್ಲಿ ಬೆಂಗಳೂರಿನಲ್ಲಿ ದೂರದರ್ಶನ ಶುರುವಾಯಿತು. 1984ರ ಸುಮಾರಿಗೆ ದೇಶದ ತುಂಬಾ ಸಣ್ಣ ಮರುಪ್ರಸಾರ ಕೇಂದ್ರಗಳು ಒಂದರ ಹಿಂದೊಂದು ಎದ್ದವು. ಚಿತ್ರ ಮಸುಕಾಗಿದ್ದರೂ, ಪರದೆ ತುಂಬಾ ಇರುವೆ ಹರಿದಂತೆ ಕಂಡರೂ, ನೋಡಲು ತಿಂಗಳ ಬಾಡಿಗೆ ಕೊಡಬೇಕಿರಲಿಲ್ಲ.

ಡಿಜಿಟಲ್ ಕಾಲ ಬಂದಾಗ ಕಥೆ ಬದಲಾಯಿತು. 2016ರ ಫೆಬ್ರುವರಿಯಲ್ಲಿ ದೂರದರ್ಶನ 16 ನಗರಗಳಲ್ಲಿ ಡಿವಿಬಿ-ಟಿ2 ಎಂಬ ಹೊಸ ಮಾದರಿಯ ಡಿಜಿಟಲ್ ಪ್ರಸಾರ ಆರಂಭಿಸಿತು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಬೆಂಗಳೂರು ಒಂದೇ. ಇತ್ತ ಹಳೆಯ ಅನಲಾಗ್ ಗೋಪುರಗಳನ್ನು ಹಂತ ಹಂತವಾಗಿ ಮುಚ್ಚಲಾಯಿತು. 2022ರ ಮಾರ್ಚ್ ಅಂತ್ಯದೊಳಗೆ ಗಡಿ ಮತ್ತು ದ್ವೀಪ ಪ್ರದೇಶಗಳಂಥ ಕಡೆ ಇರುವ ಸುಮಾರು 50 ಬಿಟ್ಟು ಉಳಿದೆಲ್ಲವನ್ನೂ ನಿಲ್ಲಿಸುವುದಾಗಿ ಪ್ರಸಾರ ಭಾರತಿ ಹೇಳಿತ್ತು. ಅಂದರೆ ಹಳೆಯದು ಎಲ್ಲರಿಗೂ ಹೋಯಿತು, ಹೊಸದು ದೊಡ್ಡ ನಗರಗಳಿಗಷ್ಟೇ ಬಂತು.

ಹಾಗಾದರೆ ಬೆಂಗಳೂರಿನ ಡಿಜಿಟಲ್ ಸಿಗ್ನಲ್ಲನ್ನೇ ನಾವು ಹಿಡಿಯಬಹುದಲ್ಲ? ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಯಾದ ನನಗೆ ಊರಿನವರು ಕೇಳುವ ಪ್ರಶ್ನೆ ಇದು. ಲೆಕ್ಕ ಹಾಕಿ ನೋಡೋಣ. ಈ ಅಲೆಗಳು ಹೆಚ್ಚುಕಡಿಮೆ ನೇರ ದಾರಿಯಲ್ಲಿ ಸಾಗುತ್ತವೆ. 150 ಮೀಟರ್ ಎತ್ತರದ ಗೋಪುರ, ಮನೆ ಮೇಲೆ 10 ಮೀಟರ್ ಎತ್ತರದ ಆಂಟೆನಾ ಎಂದಿಟ್ಟುಕೊಂಡರೆ, ಸಮತಟ್ಟು ನೆಲದಲ್ಲೂ ಭೂಮಿಯ ಬಾಗಿನಿಂದಾಗಿ ಸುಮಾರು 63 ಕಿಲೊಮೀಟರಿಗೆ ಆ ನೇರ ದಾರಿ ಮುಗಿಯುತ್ತದೆ. ಬೆಂಗಳೂರಿನಿಂದ ಕೊರಟಗೆರೆ ನೇರ ಗೆರೆಯಲ್ಲಿ ಸುಮಾರು 70 ಕಿ.ಮೀ., ಮಧುಗಿರಿ 85ರ ಮೇಲೆ, ಶಿರಾ 110ರ ಆಚೆ, ಪಾವಗಡ ಸುಮಾರು 130. ಬೆಂಗಳೂರು ನಮಗಿಂತ ಎತ್ತರದಲ್ಲಿದೆ ಎಂಬುದು ಸ್ವಲ್ಪ ಅನುಕೂಲ. ಆದರೆ ಅದನ್ನು ಬೆಟ್ಟಗಳು ನುಂಗಿಹಾಕುತ್ತವೆ. ದೇವರಾಯನದುರ್ಗ, ಚನ್ನರಾಯನದುರ್ಗ, ಸಿದ್ದರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟ ಎಂದು ಈ ಸೀಮೆಯ ತುಂಬಾ ಕಲ್ಲಿನ ಗೋಡೆಗಳೇ. ಮಧುಗಿರಿ ಊರಂತೂ ಬೆಟ್ಟದ ಬುಡಕ್ಕೇ ಅಂಟಿಕೊಂಡಿದೆ.

ಅನಲಾಗ್ ಕಾಲದಲ್ಲಿ ಸಿಗ್ನಲ್ ಕ್ಷೀಣವಾದರೆ ಚಿತ್ರ ಮಸುಕಾಗುತ್ತಿತ್ತು, ಆದರೂ ಮಾತು ಕೇಳಿಸುತ್ತಿತ್ತು. ಡಿಜಿಟಲ್‌ನಲ್ಲಿ ಆ ನಡುವಿನ ದಾರಿ ಕಡಿಮೆ. ಒಂದು ಮಟ್ಟದವರೆಗೆ ಚಿತ್ರ ಗಾಜಿನಂತೆ ಸ್ಪಷ್ಟ, ಅದರಿಂದ ಕೆಳಗಿಳಿದರೆ ಪರದೆ ಖಾಲಿ. ಎತ್ತರದ ಗುಡ್ಡದ ಮೇಲೆ ಒಳ್ಳೆಯ ಆಂಟೆನಾ ಕಟ್ಟಿದವರಿಗೆ ಯಾವುದೋ ಒಂದು ರಾತ್ರಿ ಬೆಂಗಳೂರು ಸಿಕ್ಕರೂ ಸಿಗಬಹುದು. ಅದನ್ನು ಸೇವೆ ಎನ್ನಲಾಗದು. ಈ ನಾಲ್ಕು ತಾಲ್ಲೂಕುಗಳಿಗೆ ಗೋಪುರದ ಡಿಜಿಟಲ್ ಟಿವಿ ಬರಬೇಕಾದರೆ ಇಲ್ಲೇ ಹತ್ತಿರದ ಎತ್ತರದ ಜಾಗದಲ್ಲಿ ಮರುಪ್ರಸಾರ ಕೇಂದ್ರ ಬೇಕು.

ಅದನ್ನು ಕೊಡದಿರುವುದಕ್ಕೆ ಸರ್ಕಾರದ ಬಳಿ ಕಾರಣಗಳಿವೆ, ಅವು ಪೊಳ್ಳೇನೂ ಅಲ್ಲ. ಹಳೆಯ ಗೋಪುರಗಳನ್ನು ಮುಚ್ಚಿದ್ದರಿಂದ ವರ್ಷಕ್ಕೆ ಸುಮಾರು 100 ಕೋಟಿ ರೂಪಾಯಿ ಉಳಿಯುತ್ತದೆ ಎಂದು ಪ್ರಸಾರ ಭಾರತಿ ಹೇಳಿತ್ತು. ಡಿಡಿ ಫ್ರೀ ಡಿಶ್ 2004ರಿಂದಲೇ ಇದೆ. ಒಮ್ಮೆ ಡಿಶ್ ಮತ್ತು ಪೆಟ್ಟಿಗೆ ಕೊಂಡರೆ ಮತ್ತೆ ಬಾಡಿಗೆಯಿಲ್ಲ. ಅದರ ಉಪಗ್ರಹ ಜಿಸ್ಯಾಟ್-15 ನಮ್ಮ ಆಗ್ನೇಯಕ್ಕೆ, ಸುಮಾರು 65 ಡಿಗ್ರಿ ಎತ್ತರದಲ್ಲಿದೆ. ಹೆಚ್ಚುಕಡಿಮೆ ತಲೆಯ ಮೇಲೆಯೇ ಎನ್ನಬಹುದು. ಆದ್ದರಿಂದ ಬೆಟ್ಟ ಅಡ್ಡ ಬರುವ ಪ್ರಶ್ನೆಯೇ ಬಹುತೇಕ ಇಲ್ಲ. ಗೋಪುರ ಸೋತ ಕಡೆ ಡಿಶ್ ಗೆದ್ದಿತು ಎಂಬುದನ್ನು ಒಪ್ಪಬೇಕು.

ಡಿಜಿಟಲ್ ಗೋಪುರ ಬಂದ ನಗರಗಳಲ್ಲೂ ಅದನ್ನು ನೋಡುವವರು ಹೆಚ್ಚಲಿಲ್ಲ. ಕಾರಣ ಸರಳ. ಆರಂಭದಲ್ಲಿ ಅದರಲ್ಲಿ ಬರುತ್ತಿದ್ದದ್ದು ದೂರದರ್ಶನದ ಐದು ವಾಹಿನಿಗಳು. ಅದನ್ನು ಹಿಡಿಯಲು ಟಿ2 ಟ್ಯೂನರ್ ಇರುವ ಟಿವಿ ಅಥವಾ ಬೇರೆ ಪೆಟ್ಟಿಗೆ ಬೇಕು. ಅಂಗಡಿಯಲ್ಲಿ ಅದನ್ನು ಕೇಳಿ ತರುವವರು ಎಷ್ಟು ಮಂದಿ? ಅಮೆರಿಕ 2009ರಲ್ಲಿ ಅನಲಾಗ್ ಪ್ರಸಾರ ನಿಲ್ಲಿಸುವ ಮುನ್ನ ಪರಿವರ್ತಕ ಪೆಟ್ಟಿಗೆ ಕೊಳ್ಳಲು ಮನೆಗಳಿಗೆ ರಿಯಾಯಿತಿ ಕೂಪನ್ ಹಂಚಿತು. ಬ್ರಿಟನ್ 2012ರಲ್ಲಿ ಕೊನೆಯ ಗೋಪುರ ಬದಲಿಸುವಷ್ಟರಲ್ಲಿ 'ಫ್ರೀವ್ಯೂ' ಎಂಬ ಉಚಿತ ಸೇವೆ ಮನೆಮಾತಾಗಿತ್ತು, ವೃದ್ಧರಿಗೆ ನೆರವಿನ ಯೋಜನೆಯೂ ಇತ್ತು. ಅಲ್ಲಿ ಗೋಪುರ ಮತ್ತು ಪೆಟ್ಟಿಗೆ ಜೊತೆಜೊತೆಗೆ ಬಂದವು. ಇಲ್ಲಿ ಗೋಪುರ ಬಂತು, ಪೆಟ್ಟಿಗೆ ಬರಲಿಲ್ಲ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಟಿವಿಯೊಳಗೇ ಟ್ಯೂನರ್ ಇರುವ ಮಾನಕ ರೂಪಿಸಿದಾಗಲೂ ಅದು ಉಪಗ್ರಹದ ಟ್ಯೂನರ್ ಆಗಿತ್ತು. ದಿಕ್ಕು ಅಷ್ಟರಲ್ಲಿ ನಿರ್ಧಾರವಾಗಿಹೋಗಿತ್ತು.

ಡಿಶ್ ಸಾಕಲ್ಲ, ಮತ್ತೇಕೆ ಗೋಪುರದ ಮಾತು? ನನ್ನ ಉತ್ತರ ಇಷ್ಟು: ಉಪಗ್ರಹ ಇಡೀ ದೇಶಕ್ಕೆ ಒಂದೇ ಮಾತು ಹೇಳುತ್ತದೆ, ಗೋಪುರ ಒಂದು ಸೀಮೆಗೆ ಬೇಕಾದ ಮಾತು ಹೇಳಬಲ್ಲದು. ಜಯಮಂಗಲಿ ನದಿ ವರ್ಷಾನುಗಟ್ಟಲೆ ಬತ್ತಿರುತ್ತದೆ. 2022ರ ಮಳೆಗಾಲದಲ್ಲಿ ಅದು ಉಕ್ಕಿ ಹರಿದಾಗ ಕೊರಟಗೆರೆ, ಮಧುಗಿರಿ ಭಾಗದವರಿಗೆ ಬೇಕಾಗಿದ್ದದ್ದು ಯಾವ ಸೇತುವೆ ಮೇಲೆ ನೀರಿದೆ, ಯಾವ ರಸ್ತೆ ಬಂದ್ ಆಗಿದೆ ಎಂಬ ಸುದ್ದಿ. ಆ ಸುದ್ದಿ ರಾಜಧಾನಿಯ ವಾಹಿನಿಯಲ್ಲಿ ಒಂದು ಸಾಲಾಗಿ ಓಡಿ ಮಾಯವಾಗುತ್ತದೆ. ಜೊತೆಗೆ ಡಿಶ್ ಬಳಸುವ ಕೆಯು ಬ್ಯಾಂಡ್ ಅಲೆಗಳಿಗೆ ಜೋರು ಮಳೆಯೇ ಶತ್ರು. ನಮ್ಮದು ಬರದ ಸೀಮೆ, ಮಳೆ ಕಡಿಮೆ. ಆದರೆ ಬಿರುಮಳೆ ಸುರಿದು ಎಚ್ಚರಿಕೆ ಬೇಕಾದ ಗಳಿಗೆಯಲ್ಲೇ ಪರದೆ ಮೇಲೆ 'ಸಿಗ್ನಲ್ ಇಲ್ಲ' ಎಂದು ಬರುತ್ತದೆ. ಗೋಪುರದ ಯುಎಚ್‌ಎಫ್ ಅಲೆಗೆ ಮಳೆಯ ಬಾಧೆ ತೀರಾ ಕಡಿಮೆ.

ಪಾವಗಡದ ಸ್ಥಿತಿ ಇನ್ನೂ ವಿಶೇಷ. ಮೂರು ಕಡೆ ಆಂಧ್ರಪ್ರದೇಶ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸೇ ಮಡಕಶಿರಾ ಸೀಮೆಯನ್ನು ಹಾದು ಹೋಗುತ್ತದೆ. ಅಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಎಷ್ಟೋ ಮಕ್ಕಳ ದಿನಚರಿ. ಇಂಥ ಕಡೆ ಹಣ ಕೊಡದೆ ಸಿಗುವ ಕನ್ನಡದ ದನಿ ಮನರಂಜನೆಗಷ್ಟೇ ಅಲ್ಲ, ಓದಿಗೂ ಬೇಕು. ಫ್ರೀ ಡಿಶ್‌ನಲ್ಲಿ ಚಂದನ ಇದೆ ನಿಜ, ಆದರೆ ಅದರ ಉಳಿದ ಪಟ್ಟಿಯಲ್ಲಿ ಹಿಂದಿ ವಾಹಿನಿಗಳದ್ದೇ ಸಿಂಹಪಾಲು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಶಿಕ್ಷಣ ಇಲಾಖೆ 'ಸೇತುಬಂಧ' ಪಾಠಗಳನ್ನು ಚಂದನದಲ್ಲೇ ಪ್ರಸಾರ ಮಾಡಿತು. ಸ್ಮಾರ್ಟ್‌ಫೋನ್ ಇಲ್ಲದ ಮನೆಗಳಿಗೆ ಅದೇ ತರಗತಿ. ಆದರೆ ಕೇಬಲ್ ಹಣ ಕಟ್ಟಲಾಗದೆ ಸಂಪರ್ಕ ಬಿಟ್ಟ ಮನೆಗೆ ಆ ತರಗತಿಯೂ ಇಲ್ಲ. ಕೂಲಿಯೇ ಇಲ್ಲದ ತಿಂಗಳಲ್ಲಿ ಮೊದಲು ನಿಲ್ಲುವುದು ಇಂಥ ಖರ್ಚು.

2023ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿದ 2,539 ಕೋಟಿ ರೂಪಾಯಿಗಳ 'ಬಿಂಡ್' ಯೋಜನೆಯಲ್ಲಿ 8 ಲಕ್ಷ ಫ್ರೀ ಡಿಶ್ ಪೆಟ್ಟಿಗೆಗಳನ್ನು ಉಚಿತವಾಗಿ ಹಂಚುವ ಮಾತಿತ್ತು. ಅವು ದುರ್ಗಮ, ಬುಡಕಟ್ಟು, ನಕ್ಸಲ್ ಪೀಡಿತ, ಗಡಿ ಪ್ರದೇಶ ಹಾಗೂ 'ಮಹತ್ವಾಕಾಂಕ್ಷಿ ಜಿಲ್ಲೆ'ಗಳಿಗೆ. ಕರ್ನಾಟಕದಲ್ಲಿ ಆ ಜಿಲ್ಲೆಗಳೆಂದರೆ ರಾಯಚೂರು, ಯಾದಗಿರಿ. ತುಮಕೂರು ಜಿಲ್ಲೆ ಬೆಂಗಳೂರಿನ ನೆರೆ, ಕೈಗಾರಿಕೆ ಬೆಳೆಯುತ್ತಿರುವ ಜಿಲ್ಲೆ. ಅದರ ಸರಾಸರಿಯ ನೆರಳಲ್ಲಿ ಪಾವಗಡದಂಥ ತಾಲ್ಲೂಕು ಕಾಣದೇ ಹೋಗುತ್ತದೆ. ನಗರಕ್ಕೆ ದೂರ, ಹಿಂದುಳಿದವರ ಪಟ್ಟಿಗೂ ದೂರ. ನಾವು ಇರುವುದು ಈ ನಡುವಿನ ಜಾಗದಲ್ಲಿ.

ಈಗ ಡೈರೆಕ್ಟ್ ಟು ಮೊಬೈಲ್ ವಿಷಯಕ್ಕೆ ಬರೋಣ. ಐಐಟಿ ಕಾನ್ಪುರ ಮತ್ತು ಬೆಂಗಳೂರಿನಲ್ಲೇ ಹುಟ್ಟಿದ ಸಾಂಖ್ಯ ಲ್ಯಾಬ್ಸ್ ಇದರ ಹಿಂದಿವೆ. ಬೆಂಗಳೂರು, ದೆಹಲಿ, ನೊಯಿಡಾಗಳಲ್ಲಿ ಪ್ರಯೋಗ ನಡೆದಿದೆ. 19 ನಗರಗಳಲ್ಲಿ ಪರೀಕ್ಷೆ ನಡೆಸುವುದಾಗಿ 2024ರ ಜನವರಿಯಲ್ಲಿ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕಾರ್ಯದರ್ಶಿ ಹೇಳಿದರು. ಗೋಪುರದಿಂದ ಒಮ್ಮೆ ಬಿಟ್ಟ ಸಿಗ್ನಲ್ಲನ್ನು ವ್ಯಾಪ್ತಿಯೊಳಗಿನ ಎಷ್ಟು ಫೋನ್‌ಗಳಾದರೂ ಹಿಡಿಯಬಹುದು. ಡೇಟಾ ಖರ್ಚಾಗುವುದಿಲ್ಲ. ಇದಕ್ಕೆ ಬಳಸಬೇಕೆಂದಿರುವುದು ಟಿವಿ ಗೋಪುರಗಳಿಗೆಂದೇ ಇದ್ದ ಯುಎಚ್‌ಎಫ್ ತರಂಗಾಂತರ.

ಅಡ್ಡಿಗಳೂ ಹಳೆಯವೇ. ಫೋನಿನಲ್ಲಿ ಇದಕ್ಕೆಂದೇ ಬೇರೆ ಚಿಪ್ ಬೇಕು. ಸ್ಯಾಮ್‌ಸಂಗ್, ಕ್ವಾಲ್ಕಾಮ್‌ನಂಥ ಕಂಪನಿಗಳು 2023ರಲ್ಲಿ ಇದನ್ನು ವಿರೋಧಿಸಿದವು. ಫೋನಿನ ಬೆಲೆ 30 ಡಾಲರ್‌ನಷ್ಟು ಏರುತ್ತದೆ ಎಂಬುದು ಅವರ ವಾದ. ಮೊಬೈಲ್ ಸೇವಾ ಕಂಪನಿಗಳಿಗೂ ಇದು ಇಷ್ಟವಿಲ್ಲ, ಜನ ವಿಡಿಯೊ ನೋಡಿದಷ್ಟೂ ಅವುಗಳಿಗೆ ಡೇಟಾ ವ್ಯಾಪಾರ ತಾನೆ? ಕಡಿಮೆ ಬೆಲೆಯ ಫೋನಿನಲ್ಲಿ ಚಿಪ್ ಬರದಿದ್ದರೆ 2016ರ ಕಥೆಯೇ ಮರುಕಳಿಸುತ್ತದೆ. ಗೋಪುರ ಕೂಗುತ್ತಿರುತ್ತದೆ, ಕೇಳುವ ಕಿವಿ ಇರುವುದಿಲ್ಲ.

ಇನ್ನೊಂದು ಅಪಾಯ ಪಟ್ಟಿಯದು. ಪ್ರಯೋಗ ನಗರದಲ್ಲಿ ನಡೆಯುವುದು ಸಹಜ. ಆದರೆ ನಗರದಲ್ಲಿ ಫೈಬರ್ ಇದೆ, 5ಜಿ ಇದೆ, ವೈಫೈ ಇದೆ. ಅಲ್ಲಿ ಈ ಸೇವೆ ಹತ್ತರಲ್ಲಿ ಹನ್ನೊಂದನೆಯದು. ಬೆಟ್ಟದ ಮರೆಯಲ್ಲಿ ನೆಟ್‌ವರ್ಕ್ ಹುಡುಕುತ್ತಾ ಹೊಲದ ಬದುವಿನ ಮೇಲೆ ನಿಲ್ಲುವವರಿಗೆ ಇದು ಮೊದಲನೆಯದಾಗಬಹುದು. ನಗರದಲ್ಲಿ ಪರೀಕ್ಷಿಸಿ 'ಬೇಡಿಕೆ ಇಲ್ಲ' ಎಂದು ಕೈಬಿಟ್ಟರೆ, ಬೇಡಿಕೆ ಇರುವಲ್ಲಿ ಕೇಳಿಯೇ ಇಲ್ಲ ಎಂದಾಗುತ್ತದೆ.

ಆದ್ದರಿಂದ ನಮ್ಮ ಭಾಗದ ಸಂಸದರು, ಶಾಸಕರು ಈಗಲೇ ಕೇಳಬೇಕಾದದ್ದು ಇದು. ಮುಂದಿನ ಪ್ರಯೋಗದ ಪಟ್ಟಿಯಲ್ಲಿ ಬೆಟ್ಟಗಳ ನಡುವಿನ ಒಂದು ಗ್ರಾಮೀಣ ಪ್ರದೇಶವೂ ಇರಲಿ. ಅದಕ್ಕೆ ಈ ನಾಲ್ಕು ತಾಲ್ಲೂಕುಗಳಿಗಿಂತ ಕಠಿಣವಾದ, ಪ್ರಾಮಾಣಿಕವಾದ ಪರೀಕ್ಷೆ ಸಿಗಲಾರದು. ಗೋಪುರಕ್ಕೆ ಎತ್ತರದ ಜಾಗ ಬೇಕೆಂದರೆ ನಮ್ಮಲ್ಲಿ ಬೆಟ್ಟಗಳಿಗೆ ಬರವಿಲ್ಲ. ವಿದ್ಯುತ್ ಬೇಕೆಂದರೆ ಪಾವಗಡದ ತಿರುಮಣಿ ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ಪಾರ್ಕ್ ಇದೆ. ಪ್ರಸಾರದಲ್ಲಿ ದಿನಕ್ಕೆ ಒಂದು ಗಂಟೆಯಾದರೂ ತುಮಕೂರು ಜಿಲ್ಲೆಯ ಕೃಷಿ, ಮಾರುಕಟ್ಟೆ ದರ, ಹವಾಮಾನ, ಶಾಲಾ ಪಾಠಕ್ಕೆ ಮೀಸಲಿರಲಿ. ಜಿಲ್ಲಾಡಳಿತಕ್ಕೆ ತುರ್ತು ಎಚ್ಚರಿಕೆ ಕೊಡುವ ಅಧಿಕಾರ ಅದರಲ್ಲಿ ಇರಲಿ.

ಹಳೆಯ ಗೋಪುರಗಳು ಮುಚ್ಚಿದಾಗ ನಮ್ಮ ಕಡೆಯಿಂದ ಒಂದು ಅರ್ಜಿಯ ಸದ್ದೂ ಕೇಳಿಸಲಿಲ್ಲ, ಏಕೆಂದರೆ ಮನೆಯಲ್ಲಿ ಧಾರಾವಾಹಿ ನಿಂತಿರಲಿಲ್ಲ. ಹೊಸ ಗೋಪುರಗಳ ನಕ್ಷೆ ಇನ್ನೂ ಪೂರ್ತಿಯಾಗಿಲ್ಲ. ಬೆಟ್ಟವನ್ನು ಸರಿಸಲು ಯಾರಿಗೂ ಆಗದು, ಆದರೆ ಗೋಪುರವನ್ನು ಬೆಟ್ಟದ ಯಾವ ಮಗ್ಗುಲಲ್ಲಿ ನಿಲ್ಲಿಸಬೇಕು ಎಂಬುದನ್ನು ಮನುಷ್ಯರೇ ತೀರ್ಮಾನಿಸುತ್ತಾರೆ. ಆ ತೀರ್ಮಾನ ಆಗುವ ಮುನ್ನ ನಮ್ಮ ಅರ್ಜಿ ಅಲ್ಲಿ ತಲುಪಿರಬೇಕು.