ಕರಿ ಕೋಟೂ ಸಮವಸ್ತ್ರವೂ



ಸೈನ್ಯದಲ್ಲಿ ದುಡಿದು ನಿವೃತ್ತರಾಗಿ, ಬಳಿಕ ವಕೀಲಿ ಹಿಡಿದವರೊಬ್ಬರು ವಿಧಾನಸಭೆಗೆ ನಿಲ್ಲುತ್ತೇನೆಂದು ಮುಂದೆ ಬಂದರೆ, ಜನ ಹಿಂದುಮುಂದು ನೋಡದೆ “ಇಂಥವರೇ ಬೇಕು” ಎನ್ನುತ್ತಾರೆ. ಬೇಡವೆನ್ನುವವರು ನಾವೂ ಅಲ್ಲ. ಆದರೆ ಅಡಿಕೆ ಮಂಡಿಯಲ್ಲಿ ಚೀಲದ ಮೇಲಿನ ಹೆಸರು ನೋಡಿ ದರ ಕಟ್ಟುವವರುಂಟೇ? ಚೀಲ ಬಿಚ್ಚಿಸಿ, ಅಡಿಕೆ ಒಡೆದು ನೋಡಿದ ಮೇಲೆಯೇ ಮಾತು. ಗೌರವ ಬೇರೆ, ಓಟು ಬೇರೆ. ಭೂಸೇನೆಯ ಮೊದಲ ಭಾರತೀಯ ಮುಖ್ಯಸ್ಥರಾಗಿದ್ದ ಕೊಡಗಿನ ಕೆ. ಎಂ. ಕಾರ್ಯಪ್ಪನವರೇ 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು.

ಮಾತಿಗೆ ಹೊಸಪೇಟೆ ಸೀಮೆಯನ್ನು ತೆಗೆದುಕೊಳ್ಳೋಣ. ಆ ಬಯಲುಸೀಮೆಗೂ ತೋಟಗಾರರಾದ ನಮಗೂ ಏನು ನಂಟು ಎನ್ನಬೇಡಿ. ಮಲೆನಾಡಿನ ತೋಟಗಳ ಮೇಲೆ ಸುರಿದ ಮಳೆಯೇ ತುಂಗೆ, ಭದ್ರೆಯಾಗಿ ಹರಿದು, ಕೂಡಲಿಯಲ್ಲಿ ಒಂದಾಗಿ, ಹೊಸಪೇಟೆಯ ಅಣೆಕಟ್ಟೆಯಲ್ಲಿ ನಿಲ್ಲುತ್ತದೆ. ಹಂಪಿಯ ಬಂಡೆಗಳ ನಡುವೆ ಹಾದು ಕಂಪ್ಲಿಯ ಕಡೆಗೆ ಸಾಗುವುದೂ ಅದೇ ಹೊಳೆ.

ಸೈನಿಕನ ಮೊದಲ ಗುಣ ಕಾವಲು ಬಿಟ್ಟು ಹೋಗದಿರುವುದು. ಹೊಸಪೇಟೆಯನ್ನೊಳಗೊಂಡ ವಿಜಯನಗರ ಕ್ಷೇತ್ರದಲ್ಲಿ 2018ರ ಮೇ ತಿಂಗಳಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಆನಂದ್ ಸಿಂಗ್ ಅವರು ಮರುವರ್ಷ ಜುಲೈಯಲ್ಲಿ ರಾಜೀನಾಮೆ ಕೊಟ್ಟರು. ಅನರ್ಹರಾದರು. ಅದೇ ಡಿಸೆಂಬರಿನ ಉಪಚುನಾವಣೆಯಲ್ಲಿ ಬಿಜೆಪಿಯಿಂದ ನಿಂತು ಮತ್ತೆ ಗೆದ್ದರು. ಮತದಾರರೇ ಆರಿಸಿದರೆಂಬುದು ನಿಜ. ಐದು ವರ್ಷಕ್ಕೆಂದು ಕೊಟ್ಟ ಓಟು ಒಂದೂವರೆ ವರ್ಷ ತುಂಬುವ ಮೊದಲೇ ಸವೆದುಹೋದದ್ದೂ ನಿಜ. ಆದ್ದರಿಂದ ಮಾಜಿ ಸೈನಿಕರನ್ನು ಮೊದಲು ಕೇಳತಕ್ಕದ್ದು ಇದು: ಗೆದ್ದ ಗುರುತಿನಲ್ಲೇ ಐದು ವರ್ಷವೂ ನಿಲ್ಲುವಿರಾ? ಮೇಲಿನವರ ಆಜ್ಞೆ ಪಾಲಿಸಿ ರೂಢಿಯಾದ ನೀವು, ಜನರಿಗಾಗಿ ನಿಮ್ಮ ಪಕ್ಷದ ಮಂತ್ರಿಯನ್ನೇ ಪ್ರಶ್ನಿಸುವಿರಾ?

ಇನ್ನು ವಕೀಲಿ. ಸಂಡೂರಿನ ಗುಡ್ಡಗಳನ್ನು ಬಗೆಯುತ್ತಿದ್ದಾಗ ಕಾನೂನು ಇರಲಿಲ್ಲವೆಂದಲ್ಲ. 1957ರ ಗಣಿ ಕಾಯಿದೆ, 1980ರ ಅರಣ್ಯ ಸಂರಕ್ಷಣಾ ಕಾಯಿದೆ ಎರಡೂ ಇದ್ದವು. ನಡೆಸುವವರಿರಲಿಲ್ಲ. ಕೊನೆಗೆ ಸಮಾಜ ಪರಿವರ್ತನ ಸಮುದಾಯದವರು ಸುಪ್ರೀಂ ಕೋರ್ಟಿಗೆ ಹೋಗಬೇಕಾಯಿತು. 2011ರ ಜುಲೈಯಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳು ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಕೋರ್ಟು ನಿಲ್ಲಿಸಿತು. ಶಾಸನಸಭೆ ತಡೆಯಬೇಕಾಗಿದ್ದುದನ್ನು ನ್ಯಾಯಾಲಯ ತಡೆಯಿತು.

ಶಾಸಕರು ವಕೀಲಿಯನ್ನೂ ಮುಂದುವರಿಸಬಹುದೆಂದು ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಯಾರ ಪರವಾಗಿಯೂ ವಾದಿಸುವುದು ವೃತ್ತಿಧರ್ಮ, ತಪ್ಪಲ್ಲ. ಆದರೆ ಬೆಳಿಗ್ಗೆ ಗಣಿ ಮಾಲೀಕರ ವಕಾಲತ್ತು ಹಿಡಿದು, ಮಧ್ಯಾಹ್ನ ಸದನದಲ್ಲಿ ಗಣಿ ಮಸೂದೆಗೆ ಕೈ ಎತ್ತುವವರು ಯಾರ ಪ್ರತಿನಿಧಿ? ಯಾವ ಕೇಸು ಬಿಡುವಿರಿ, ಯಾವುದು ಇಟ್ಟುಕೊಳ್ಳುವಿರಿ ಎಂಬುದನ್ನು ಚುನಾವಣೆಗೆ ಮೊದಲೇ ಬಹಿರಂಗವಾಗಿ ಹೇಳಲಿ.

ಕೊನೆಯದು ನೀರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತು. ತುಂಬಿದ ನೀರನ್ನು ಹೊಳೆಗೆ ಬಿಡಬೇಕಾಯಿತು. ಹರಿವ ನೀರಿನಲ್ಲೇ ತಾತ್ಕಾಲಿಕ ಗೇಟು ಕೂರಿಸಿದ ಕೆಲಸಗಾರರಿಗೂ, ಮಾರ್ಗದರ್ಶನವಿತ್ತ ಕನ್ನಯ್ಯ ನಾಯ್ಡು ಅವರಿಗೂ ನಮ್ಮ ವಂದನೆ. ಆದರೆ ಚೈನು ತುಂಡಾಗುವ ಮೊದಲೇ ಅದರ ವಯಸ್ಸೆಷ್ಟು, ತಪಾಸಣೆ ಯಾವಾಗ ಆಯಿತು ಎಂದು ಕೇಳುವುದು ಶಾಸಕರ ಕೆಲಸ. 2021ರಲ್ಲಿ ಜಿಲ್ಲೆ ಒಡೆದ ಮೇಲೆ ಹೊಸಪೇಟೆ ವಿಜಯನಗರಕ್ಕೆ, ಸಂಡೂರು, ಕಂಪ್ಲಿ ಬಳ್ಳಾರಿಗೆ ಸೇರಿವೆ. ಹೊಳೆ ಮಾತ್ರ ಎರಡಾಗಿಲ್ಲ.

ಬಾಂಧವರೇ, ಇದು ಹೊಸಪೇಟೆಯವರಿಗೆ ಮಾತ್ರ ಹೇಳಿದ ಮಾತಲ್ಲ. ನಮ್ಮ ಊರಿನಲ್ಲೂ ಅಭ್ಯರ್ಥಿಗಳು ಪದವಿ, ಪದಕಗಳ ಪಟ್ಟಿ ಹಿಡಿದು ಅಂಗಳಕ್ಕೆ ಬರುತ್ತಾರೆ. ಕಾಫಿ ಕೊಡೋಣ, ಗೌರವಿಸೋಣ. ಲೋಟ ಖಾಲಿಯಾಗುವುದರೊಳಗೆ ಈ ಪ್ರಶ್ನೆಗಳನ್ನು ಕೇಳಿಬಿಡೋಣ. ಉತ್ತರ ಬಂದ ಮೇಲೆ ದರ ಕಟ್ಟೋಣ.